ಬೆರಳು ನಮ್ಮದು, ಬೀಗ ಅವರದು

ಭದ್ರತೆಯ ಹೆಸರು ಹೇಳಿ ಜನರ ಕೈಯಿಂದ ತೆಗೆದುಕೊಂಡ ಅಧಿಕಾರವನ್ನು ಜನರಿಗೇ ಮರಳಿಸಬೇಕು. ಖಾತೆಯಿಂದ ಬೆರಳಚ್ಚಿನ ಮೇಲೆ ಹಣ ತೆಗೆಯಬಹುದೋ ಬಾರದೋ ಎಂಬುದನ್ನು ಖಾತೆದಾರರು ಹೇಳಬೇಕು, ಬ್ಯಾಂಕು ಅಲ್ಲ. ದುಡ್ಡು ಕೊಟ್ಟು ಕೊಂಡ ಫೋನಿನಲ್ಲಿ ಯಾವ ಆ್ಯಪ್ ಇರಬೇಕೆಂಬುದನ್ನು ಕೊಂಡವರು ಹೇಳಬೇಕು, ಇಲಾಖೆಯಾಗಲಿ ಕಂಪನಿಯಾಗಲಿ ಅಲ್ಲ. ಈಗ ನಡೆಯುತ್ತಿರುವುದು ಇದರ ತದ್ವಿರುದ್ಧ. ಅದರ ನಷ್ಟ ಹೊತ್ತವರಲ್ಲಿ ಬೆಂಗಳೂರಿನ ಸಾಮಾನ್ಯ ಜನರಿದ್ದಾರೆ. ಅವರು ಮಾಡಿದ್ದು ಇಷ್ಟೇ, ಸರ್ಕಾರ ಕೇಳಿದ ಕಡೆ ಹೆಬ್ಬೆಟ್ಟು ಒತ್ತಿದರು.

ತುಮಕೂರು ರಸ್ತೆಯ ಮಾಕಳಿಯಿಂದ ನೋಡಿದರೆ ಇದು ದೂರದ ತಾಂತ್ರಿಕ ಚರ್ಚೆಯಾಗಿ ಉಳಿಯುವುದಿಲ್ಲ. ಬೆಂಗಳೂರು ಉತ್ತರ ತಾಲ್ಲೂಕು, ದಾಸನಪುರ ಹೋಬಳಿ. ಒಂದು ಕಡೆ ಹಿಮಾಲಯ ಕಂಪನಿ, ಸುತ್ತ ಗೋದಾಮುಗಳು, ನಡುವೆ ಹೊಲ ಕರಗಿ ಎದ್ದ ಲೇಔಟುಗಳು. 2024ರ ನವೆಂಬರಿನಲ್ಲಿ ನಾಗಸಂದ್ರದಿಂದ ಮಾದಾವರದವರೆಗೆ ಮೆಟ್ರೊ ಬಂದ ಮೇಲೆ ನಗರ ಇನ್ನೂ ಹತ್ತಿರವಾಯಿತು. ಇಂಥ ಊರಿನಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸಿನ ಮೆಟ್ಟಿಲು ಹತ್ತದ ಮನೆ ಕಡಿಮೆ. ಅಪ್ಪನ ಜಮೀನು ಭಾಗವಾಗುವಾಗ ಒಮ್ಮೆ, ತುಂಡು ಮಾರುವಾಗ ಒಮ್ಮೆ, ಮೂವತ್ತು ನಲವತ್ತರ ಸೈಟು ಕೊಳ್ಳುವಾಗ ಮತ್ತೊಮ್ಮೆ, ಸಾಲಕ್ಕೆ ಅಡಮಾನ ಇಡುವಾಗ ಇನ್ನೊಮ್ಮೆ. ಪ್ರತಿ ಸಲವೂ ಕ್ಯಾಮೆರಾ ಮುಂದೆ ಕೂರಬೇಕು, ಯಂತ್ರದ ಮೇಲೆ ಹೆಬ್ಬೆಟ್ಟು ಇಡಬೇಕು. ಅದು ಪತ್ರದಲ್ಲಿ ಅಚ್ಚಾಗುತ್ತದೆ.

ಇದನ್ನು ಬೇಡ ಎನ್ನುವಂತಿಲ್ಲ. ನೋಂದಣಿ ಕಾಯ್ದೆ 1908ರದು. 2001ರ ತಿದ್ದುಪಡಿಯಿಂದ ಬಂದ 32ಎ ಕಲಮು ಫೋಟೊ ಮತ್ತು ಬೆರಳಚ್ಚನ್ನು ಕಡ್ಡಾಯ ಮಾಡಿತು. ಉದ್ದೇಶ ಒಳ್ಳೆಯದೇ. ಒಬ್ಬರ ಜಮೀನನ್ನು ಇನ್ನೊಬ್ಬರು ಅವರ ಹೆಸರಿನಲ್ಲಿ ನಿಂತು ಮಾರುವ ಮೋಸ ನಮ್ಮ ಊರುಗಳ ಹಳೆಯ ರೋಗ, ಅದಕ್ಕೆ ಮದ್ದು ಬೇಕಿತ್ತು. ಅದೇ ಕಾಯ್ದೆಯ 57ನೇ ಕಲಮು ಇನ್ನೊಂದು ಮಾತು ಹೇಳುತ್ತದೆ: ಸ್ಥಿರಾಸ್ತಿಯ ನೋಂದಣಿ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ನಕಲು ಪಡೆಯಬಹುದು. ಅದೂ ಸರಿಯೇ. ಸೈಟು ಕೊಳ್ಳುವವರು ಹಿಂದಿನ ಪತ್ರಗಳನ್ನು ನೋಡದೆ ಕೊಳ್ಳಲಾಗದು. ಒಂದು ಕಲಮು ಬೆರಳಚ್ಚು ಕೊಡು ಎಂದಿತು, ಇನ್ನೊಂದು ಅದು ಇರುವ ಪತ್ರವನ್ನು ಎಲ್ಲರಿಗೂ ತೆರೆದಿಟ್ಟಿತು. ಪತ್ರ ಕಚೇರಿಯ ಕಪಾಟಿನಲ್ಲಿದ್ದಷ್ಟು ದಿನ ಇವೆರಡೂ ಒಟ್ಟಿಗೆ ಬಾಳಿದವು. ನಕಲು ಬೇಕಾದವರು ಅರ್ಜಿ ಹಾಕಿ, ಗುಮಾಸ್ತರ ಮುಂದೆ ಕಾಯಬೇಕಿತ್ತು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶ ಬಂದು, 2023ರಲ್ಲಿ ಕಾವೇರಿ 2.0 ಆಗಿ, ಪತ್ರಗಳು ಮನೆಯಲ್ಲಿ ಕೂತೇ ಇಳಿಸಿಕೊಳ್ಳುವಂತಾದಾಗ ಎರಡು ಕಲಮುಗಳ ಅರ್ಥವೇ ಬದಲಾಯಿತು. ಅದನ್ನು ಗಮನಿಸಬೇಕಾದವರು ಗಮನಿಸಲಿಲ್ಲ.

ಇನ್ನೊಂದು ಕಡೆ, ಜನರಿಗೆ ಹೆಚ್ಚು ಗೊತ್ತಿಲ್ಲದ ಮತ್ತೊಂದು ಬಾಗಿಲು ತೆರೆದಿತ್ತು. ಆಧಾರ್ ಆಧಾರಿತ ಪಾವತಿ ವ್ಯವಸ್ಥೆ, ಎಇಪಿಎಸ್ ಎಂದು ಅದರ ಹೆಸರು. ಕಿರಾಣಿ ಅಂಗಡಿಯಲ್ಲೋ ಸೇವಾ ಕೇಂದ್ರದಲ್ಲೋ ಬ್ಯಾಂಕ್ ಮಿತ್ರರ ಬಳಿಯೋ ಒಂದು ಸಣ್ಣ ಯಂತ್ರ ಇರುತ್ತದೆ. ಬ್ಯಾಂಕಿನ ಹೆಸರು ಹೇಳಿ, ಆಧಾರ್ ಸಂಖ್ಯೆ ಕೊಟ್ಟು, ಬೆರಳಿಟ್ಟರೆ ಹಣ ಬರುತ್ತದೆ. ಒಂದು ಸಲಕ್ಕೆ 10,000 ರೂಪಾಯಿವರೆಗೆ. ಎಟಿಎಂ ಕಾರ್ಡು ಬೇಡ, ಪಿನ್ ಬೇಡ, ಓಟಿಪಿಯೂ ಬೇಡ. ಖಾತೆಗೆ ಆಧಾರ್ ಜೋಡಿಸಿದ್ದರೆ ಸಾಕು, ಈ ಸೌಲಭ್ಯ ತಾನಾಗಿಯೇ ಚಾಲೂ ಇರುತ್ತಿತ್ತು. ಬೇಕೇ ಎಂದು ಯಾರೂ ಕೇಳುತ್ತಿರಲಿಲ್ಲ. ಇಂಥದ್ದೊಂದು ಇದೆ ಎಂದು ಹೇಳಿದವರೂ ಅಪರೂಪ.

ಈಗ ಎರಡನ್ನೂ ಜೋಡಿಸಿ ನೋಡಿ. ಇಳಿಸಿಕೊಂಡ ಕ್ರಯಪತ್ರದಲ್ಲಿ ಹೆಬ್ಬೆಟ್ಟಿನ ಸ್ಪಷ್ಟ ಗುರುತಿತ್ತು, ಹಲವು ಪತ್ರಗಳಲ್ಲಿ ಕಕ್ಷಿದಾರರ ಹೆಸರಿನ ಕೆಳಗೆ ಆಧಾರ್ ಸಂಖ್ಯೆಯೂ ಇತ್ತು. ಖಾತೆಯಿಂದ ಹಣ ತೆಗೆಯಲು ಮುಖ್ಯವಾಗಿ ಬೇಕಾದ್ದು ಅವೆರಡೇ. 2023ರ ಉತ್ತರಾರ್ಧದಲ್ಲಿ ಬೆಂಗಳೂರಿನ ಪೊಲೀಸ್ ಠಾಣೆಗಳಿಗೆ ಒಂದೇ ಬಗೆಯ ದೂರುಗಳು ಬರತೊಡಗಿದವು. ಇತ್ತೀಚೆಗಷ್ಟೇ ಆಸ್ತಿ ನೋಂದಣಿ ಮಾಡಿಸಿದವರ ಖಾತೆಯಿಂದ ಹಣ ಮಾಯ. ಯಾರಿಗೂ ಓಟಿಪಿ ಹೇಳಿಲ್ಲ, ಯಾವ ಲಿಂಕನ್ನೂ ಒತ್ತಿಲ್ಲ, ಮೋಸಗಾರರ ಫೋನ್ ಕರೆಯನ್ನೇ ಕೇಳಿಲ್ಲ. ಪತ್ರದಲ್ಲಿದ್ದ ಬೆರಳಚ್ಚಿನಿಂದ ನಕಲಿ ಬೆರಳು ತಯಾರಿಸಿ, ಎಲ್ಲೋ ದೂರದ ಯಂತ್ರದ ಮೇಲೆ ಇಟ್ಟು ಹಣ ಎಳೆದಿದ್ದರು. ಮೈಯೆಲ್ಲ ಕಣ್ಣಾಗಿ ಎಚ್ಚರ ವಹಿಸಿದವರೂ ತಪ್ಪಿಸಿಕೊಳ್ಳಲಾಗದ ಕಳ್ಳತನ ಇದು. ಅದಾದ ಮೇಲೆ ಸರ್ಕಾರ ಪತ್ರಗಳಲ್ಲಿನ ಬೆರಳಚ್ಚನ್ನು ಮರೆಮಾಚಲು ಮುಂದಾಯಿತು, ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಿ ಎಂದು ಪೊಲೀಸರು ಜನರಿಗೆ ತಿಳಿಹೇಳಿದರು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಆಗಲೇ ಇಳಿಸಿಕೊಂಡ ಪತ್ರಗಳು ಯಾರ ಯಾರ ಬಳಿ ಇವೆಯೋ ಅಲ್ಲೇ ಇವೆ. ಪಾಸ್‌ವರ್ಡ್ ಕಳುವಾದರೆ ಬದಲಿಸಬಹುದು, ಕಾರ್ಡ್ ಕಳೆದರೆ ಇನ್ನೊಂದು ಬರುತ್ತದೆ. ಹೆಬ್ಬೆಟ್ಟು ಹುಟ್ಟಿನಿಂದ ಸಾವಿನವರೆಗೆ ಅದೊಂದೇ.

ಯಾರೂ ಊಹಿಸಲಾಗದ ಅಪಾಯವಾಗಿದ್ದರೆ ಕ್ಷಮಿಸಬಹುದಿತ್ತು. 2018ರ ಜೂನ್‌ನಲ್ಲೇ ನೆರೆಯ ತೆಲಂಗಾಣದ ಪೆದ್ದಪಲ್ಲಿ ಜಿಲ್ಲೆಯಲ್ಲಿ ಇದೇ ದಾರಿಯ ಮೋಸ ಬಯಲಾಗಿತ್ತು. ಸಿಮ್ ಕಾರ್ಡ್ ವ್ಯಾಪಾರಿಯೊಬ್ಬ ಆ ರಾಜ್ಯದ ನೋಂದಣಿ ಇಲಾಖೆಯ ಜಾಲತಾಣದಿಂದ ಪತ್ರಗಳನ್ನು ಇಳಿಸಿ, ರಬ್ಬರ್ ಸ್ಟ್ಯಾಂಪ್ ಮಾಡುವ ವಿಧಾನದಲ್ಲೇ ಸಾವಿರಾರು ನಕಲಿ ಬೆರಳಚ್ಚು ತಯಾರಿಸಿದ್ದ. ದೇಶದ ಪತ್ರಿಕೆಗಳಲ್ಲೆಲ್ಲ ಅದು ಬಂದಿತ್ತು. ಐದು ವರ್ಷ ಮೊದಲೇ ಸಿಕ್ಕ ಆ ಎಚ್ಚರಿಕೆ ನಮ್ಮ ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಕಡತ ತಲುಪಲಿಲ್ಲ ಎಂದರೆ ಅದು ಅಜ್ಞಾನವಲ್ಲ, ಕರ್ತವ್ಯಲೋಪ. ಮೋಸ ಮಾಡಿದವರು ಶಿಕ್ಷೆಗೆ ಅರ್ಹರು. ಅವರಿಗೆ ಸಾಮಗ್ರಿ ಒದಗಿಸಿದ್ದು ಸರ್ಕಾರಿ ಕಚೇರಿ, ತೆರೆದ ಬಾಗಿಲು ಒದಗಿಸಿದ್ದು ಬ್ಯಾಂಕುಗಳು. ಇವೆರಡೂ ಹೊಣೆ ಹೊರಬೇಕು.

ಬ್ಯಾಂಕುಗಳ ಹೊಣೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ. ಜನ ಖಾತೆಗೆ ಆಧಾರ್ ಜೋಡಿಸಿದ್ದು ಹೇಗೆ? ಸ್ವಂತ ಇಷ್ಟದಿಂದ ಜೋಡಿಸಿದವರು ಕೆಲವರು, ಸಬ್ಸಿಡಿ ಮತ್ತು ಪಿಂಚಣಿಗಾಗಿ ಜೋಡಿಸಿದವರು ಹಲವರು. ಉಳಿದವರಿಗೆ 2017ರಲ್ಲಿ ಬೆದರಿಕೆಯೇ ಬಂತು. ಕಪ್ಪುಹಣ ತಡೆಯುವ ನಿಯಮಗಳಿಗೆ ತಿದ್ದುಪಡಿ ತಂದು, ಆಧಾರ್ ಕೊಡದಿದ್ದರೆ ಖಾತೆ ನಿಷ್ಕ್ರಿಯ ಎಂದರು. ಮತ್ತೆ ಮತ್ತೆ ಎಸ್‌ಎಂಎಸ್ ಬಂದದ್ದು, ಬ್ಯಾಂಕಿನ ಮುಂದೆ ಸಾಲು ನಿಂತದ್ದು ಜನರಿಗೆ ಇನ್ನೂ ನೆನಪಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ, ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಅವರ ಹೆಸರಿನ ಆ ಮೊಕದ್ದಮೆಯಲ್ಲೇ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. 2018ರ ಸೆಪ್ಟೆಂಬರ್ 26ರಂದು ಐವರ ಪೀಠ ಬ್ಯಾಂಕ್ ಖಾತೆಗೆ ಆಧಾರ್ ಕಡ್ಡಾಯ ಜೋಡಣೆಯನ್ನು ರದ್ದು ಮಾಡಿತು.

ಕಡ್ಡಾಯ ರದ್ದಾಯಿತು. ಕಡ್ಡಾಯದ ದಿನಗಳಲ್ಲಿ ಜೋಡಿಸಿದ್ದು ರದ್ದಾಗಲಿಲ್ಲ. ಬೆದರಿಸಿ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ. ಆ ತೀರ್ಪು ಬಂದ ಮರುದಿನವೇ ಬ್ಯಾಂಕುಗಳು ಪ್ರತಿ ಖಾತೆದಾರರಿಗೂ ಪತ್ರ ಬರೆದು, ಜೋಡಣೆ ಉಳಿಸಿಕೊಳ್ಳುತ್ತೀರಾ, ತೆಗೆಯಬೇಕಾ ಎಂದು ಕೇಳಬೇಕಿತ್ತು. ಆ ಜೋಡಣೆಯ ಬೆನ್ನಿಗೇ ಬಂದಿದ್ದ ಬೆರಳಚ್ಚಿನ ಬಾಗಿಲನ್ನಾದರೂ ಮುಚ್ಚಬೇಕಿತ್ತು. ಮುಚ್ಚಲಿಲ್ಲ. 2023ರಲ್ಲಿ ಕಳ್ಳರು ಬಂದದ್ದು ಆ ಬಾಗಿಲಿನಿಂದಲೇ. ಭದ್ರತೆಯ ಹೆಸರು ಹೇಳಿ ಮಾಡಿಸಿದ ಕೆಲಸವೇ ಖಾತೆ ಖಾಲಿ ಮಾಡಿತು. ನಾಗರಿಕರ ಆಯ್ಕೆಯನ್ನು ಕಿತ್ತುಕೊಂಡು ಕಟ್ಟಿದ ಭದ್ರತೆ ಅವರನ್ನು ಕಾಯಲಿಲ್ಲ. ಆಯ್ಕೆ ಅವರ ಕೈಯಲ್ಲೇ ಇದ್ದಿದ್ದರೆ, ಎಷ್ಟೋ ಜನ ಬೇಡ ಎಂದು ಬಿಡುತ್ತಿದ್ದರು, ಅವರ ಹಣ ಉಳಿಯುತ್ತಿತ್ತು. ಭದ್ರತೆ ಬೇಕಿದ್ದರೆ ಸ್ವಾತಂತ್ರ್ಯ ಬಿಡಬೇಕು ಎಂದು ಉಪದೇಶ ಮಾಡುವವರು ಈ ಒಂದು ಪ್ರಕರಣಕ್ಕೆ ಉತ್ತರ ಕೊಡಲಿ.

ಲಾಕ್ ಇತ್ತಲ್ಲ ಎಂಬ ಸಮಜಾಯಿಷಿ ಬರುತ್ತದೆ. ಇತ್ತು, ಈಗಲೂ ಇದೆ. ಆಧಾರ್ ಆ್ಯಪ್‌ನಲ್ಲೋ ಆಧಾರ್ ನೀಡುವ ವಿಶಿಷ್ಟ ಗುರುತು ಪ್ರಾಧಿಕಾರದ ಜಾಲತಾಣದಲ್ಲೋ ಹೋಗಿ ಬಯೋಮೆಟ್ರಿಕ್ ಬೀಗ ಹಾಕಬಹುದು. ಅದಕ್ಕೆ ಸ್ಮಾರ್ಟ್‌ಫೋನೋ ಕಂಪ್ಯೂಟರೋ ಬೇಕು, ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರು ಈಗಲೂ ಚಾಲ್ತಿಯಲ್ಲಿರಬೇಕು, ಅದಕ್ಕೆ ಬರುವ ಓಟಿಪಿ ಓದಬೇಕು. ಗೋದಾಮಿನಲ್ಲಿ ಮೂಟೆ ಹೊರುವವರು, ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು, ಮೂರು ಸಲ ಸಿಮ್ ಬದಲಾಯಿಸಿದ ವೃದ್ಧರು ಇದನ್ನೆಲ್ಲ ಮಾಡಿಕೊಂಡಿರಬೇಕಿತ್ತು ಎಂದು ನಿರೀಕ್ಷಿಸುವುದು ಕ್ರೌರ್ಯ. ತೆರೆದಿಡುವುದು ವ್ಯವಸ್ಥೆಯ ಕೆಲಸ, ಮುಚ್ಚಿಕೊಳ್ಳುವುದು ಜನರ ಕೆಲಸ ಎಂಬ ಈ ಹಂಚಿಕೆ ತಲೆಕೆಳಗು. ಮುಚ್ಚಿಟ್ಟಿರಬೇಕು, ಬೇಕಾದವರು ತೆರೆಸಿಕೊಳ್ಳಬೇಕು.

ಜನರಿಗೆ ಕೊಟ್ಟ ಎಚ್ಚರಿಕೆಗೆ ಅಂಟಿಕೊಳ್ಳುವ ಧೈರ್ಯವನ್ನೂ ಪ್ರಾಧಿಕಾರ ತೋರಿಸಲಿಲ್ಲ. 2022ರ ಮೇ 27ರಂದು ಅದರ ಬೆಂಗಳೂರು ಪ್ರಾದೇಶಿಕ ಕಚೇರಿಯೇ ಒಂದು ಪ್ರಕಟಣೆ ಹೊರಡಿಸಿತ್ತು. ಆಧಾರ್ ಜೆರಾಕ್ಸ್ ಪ್ರತಿಯನ್ನು ಕಂಡವರಿಗೆಲ್ಲ ಕೊಡಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿ ಕೊಡಿ ಎಂದು ಅದರಲ್ಲಿತ್ತು. ಸರಿಯಾದ ಮಾತು. ಎರಡೇ ದಿನದಲ್ಲಿ, ಮೇ 29ರಂದು, ತಪ್ಪು ಅರ್ಥಕ್ಕೆ ಎಡೆಯಾಗುತ್ತದೆ ಎಂದು ಕೇಂದ್ರ ಸರ್ಕಾರ ಅದನ್ನು ವಾಪಸು ಪಡೆಯಿತು. ಆ ಪ್ರಕಟಣೆ ನಿಂತಿದ್ದರೆ, ಪಂಚಾಯಿತಿಯ ಫಲಕದ ಮೇಲೆ, ಪತ್ರ ಬರಹಗಾರರ ಅಂಗಡಿಯ ಗೋಡೆಯ ಮೇಲೆ ಅದು ಬಂದಿದ್ದರೆ, ಮುಂದಿನ ವರ್ಷ ನಡೆದದ್ದು ಸ್ವಲ್ಪವಾದರೂ ತಗ್ಗುತ್ತಿತ್ತು. ವ್ಯವಸ್ಥೆಯ ಹೆಸರು ಉಳಿಸಿಕೊಳ್ಳುವುದು ಜನರ ಹಣ ಉಳಿಸುವುದಕ್ಕಿಂತ ಮುಖ್ಯವಾಯಿತು.

ಎಇಪಿಎಸ್ ಉಪಯೋಗವೇ ಇಲ್ಲ ಎನ್ನುವುದು ಈ ಪತ್ರಿಕೆಯ ವಾದವಲ್ಲ. ಎಟಿಎಂ ಇಲ್ಲದ ಹಳ್ಳಿಯಲ್ಲಿ, ಓದು ಬಾರದ ಅಜ್ಜಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಬಾಗಿಲಿಗೇ ಸಿಗುತ್ತದೆಂದರೆ ಅದು ದೊಡ್ಡ ಅನುಕೂಲ. ಬಸ್ಸು ಹತ್ತಿ ಬ್ಯಾಂಕಿಗೆ ಹೋಗಿ ಅರ್ಧ ದಿನದ ಕೂಲಿ ಕಳೆದುಕೊಳ್ಳುವುದು ತಪ್ಪುತ್ತದೆ. ಆ ಅಜ್ಜಿ ಕೇಳಿ ಪಡೆಯಲಿ, ಬ್ಯಾಂಕ್ ಮಿತ್ರರು ಕನ್ನಡದಲ್ಲಿ ವಿವರಿಸಿ ಬರೆಸಿಕೊಳ್ಳಲಿ. ಅಜ್ಜಿಗೆ ಬೇಕಾದದ್ದನ್ನು ಇಡೀ ದೇಶದ ಖಾತೆಗಳಿಗೆ ಹೇಳದೆ ಕೇಳದೆ ತೆರೆದಿಟ್ಟದ್ದನ್ನು ಮಾತ್ರ ನಾವು ಒಪ್ಪುವುದಿಲ್ಲ. 2023ರಲ್ಲಿ ಪ್ರಾಧಿಕಾರ ಜೀವಂತ ಬೆರಳನ್ನು ಗುರುತಿಸುವ ಹೊಸ ತಪಾಸಣೆ ತಂದಿತು. 2025ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಯಂತ್ರ ಇಟ್ಟುಕೊಂಡ ಏಜೆಂಟರ ಮೇಲೆ ಹೆಚ್ಚಿನ ನಿಗಾ ಇಡಬೇಕೆಂದು ಬ್ಯಾಂಕುಗಳಿಗೆ ಸೂಚಿಸಿತು. ಎರಡೂ ಬೇಕಾದವೇ. ಯಂತ್ರವನ್ನೂ ಏಜೆಂಟರನ್ನೂ ಬಿಗಿ ಮಾಡಿದ್ದಾಯಿತು, ಖಾತೆದಾರರ ಇಷ್ಟಾನಿಷ್ಟ ಕೇಳುವ ಮಾತು ಮಾತ್ರ ಆ ಎರಡರಲ್ಲೂ ಮುಖ್ಯವಾಗಲಿಲ್ಲ.

ಇದೇ ಬೆರಳು ಕಳ್ಳನಿಗೆ ಸುಲಭವಾಗಿ ಒಲಿಯಿತು, ದುಡಿಯುವ ಕೈಗೆ ಒಲಿಯಲಿಲ್ಲ. ಗಾರೆ ಕೆಲಸದವರ, ಕಳೆ ಕೀಳುವವರ, ಪಾತ್ರೆ ತಿಕ್ಕುವವರ ರೇಖೆಗಳು ಸವೆದಿರುತ್ತವೆ. ನ್ಯಾಯಬೆಲೆ ಅಂಗಡಿಯಲ್ಲಿ ಒಂದೊಂದೇ ಬೆರಳು ಇಟ್ಟು, ಒರೆಸಿ, ಮತ್ತೆ ಇಟ್ಟು, ನಾಳೆ ಬನ್ನಿ ಎನ್ನಿಸಿಕೊಂಡು ಹಿಂದಿರುಗುವುದನ್ನು ಯಾವ ಊರಿನಲ್ಲೂ ನೋಡಬಹುದು. 2017ರ ಜುಲೈನಲ್ಲಿ ಗೋಕರ್ಣದ ಬಳಿ ಒಂದು ದಲಿತ ಕುಟುಂಬದ ಮೂವರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ಪಡಿತರ ಚೀಟಿಗೆ ಆಧಾರ್ ಜೋಡಣೆಯಾಗದೆ ತಿಂಗಳುಗಟ್ಟಲೆ ರೇಷನ್ ನಿಂತಿತ್ತು, ಹಸಿವೇ ಕಾರಣ ಎಂದು ಸ್ಥಳಕ್ಕೆ ಹೋದ ನಾಗರಿಕ ಹಕ್ಕುಗಳ ಕಾರ್ಯಕರ್ತರು ಹೇಳಿದರು. ಆಡಳಿತ ಅದನ್ನು ಒಪ್ಪಲಿಲ್ಲ. ಸಾವಿನ ಕಾರಣದ ವಿವಾದ ಏನೇ ಇರಲಿ, ನಕಲಿ ಕಾರ್ಡು ತಡೆಯುವ ಉಪಾಯವೊಂದು ಅನ್ನದ ಹಕ್ಕಿಗೆ ಅಡ್ಡ ನಿಲ್ಲುವಂತೆ ಯಾವ ಸರ್ಕಾರವೂ ಬಿಡಬಾರದು.

ಬೆರಳಿನಿಂದ ಫೋನಿಗೆ ಬರೋಣ. 2025ರ ನವೆಂಬರ್ 28ರಂದು ಕೇಂದ್ರ ದೂರಸಂಪರ್ಕ ಇಲಾಖೆ ಮೊಬೈಲ್ ತಯಾರಕರಿಗೆ ಒಂದು ನಿರ್ದೇಶನ ಕೊಟ್ಟಿತು: ಮಾರುವ ಪ್ರತಿ ಹೊಸ ಫೋನಿನಲ್ಲೂ ಸಂಚಾರ್ ಸಾಥಿ ಆ್ಯಪ್ ಮೊದಲೇ ಇರಬೇಕು, ಅದರ ಕೆಲಸಕ್ಕೆ ಯಾವ ಅಡ್ಡಿಯೂ ಇರಕೂಡದು. ಕಳೆದ ಫೋನನ್ನು ತಡೆಹಿಡಿಯಲು, ನಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂದು ತಿಳಿಯಲು ಅದು ನಿಜಕ್ಕೂ ಉಪಯುಕ್ತ. ಕೋಟ್ಯಂತರ ಜನ ಸ್ವಂತ ಇಷ್ಟದಿಂದಲೇ ಬಳಸುತ್ತಿದ್ದರು. ಒಳ್ಳೆಯ ಆ್ಯಪ್ ಆದ ಮಾತ್ರಕ್ಕೆ ಅದನ್ನು ಬಲವಂತವಾಗಿ ತುರುಕುವ ಅಧಿಕಾರ ಯಾರಿಗೂ ಬರುವುದಿಲ್ಲ. ಇಂದು ಫೋನಿನ ಒಳಗೆ ಸರ್ಕಾರದ ಒಂದು ಆ್ಯಪ್ ಕೂರಲು ಒಪ್ಪಿದರೆ, ನಾಳೆ ಅದು ಏನೇನು ನೋಡಬೇಕು ಎಂಬುದನ್ನು ಒಂದು ಅಪ್‌ಡೇಟ್ ತೀರ್ಮಾನಿಸುತ್ತದೆ. ದೇಶದಾದ್ಯಂತ ವಿರೋಧ ಎದ್ದಿತು. ಆ್ಯಪ್ ತೆಗೆದುಹಾಕಬಹುದು ಎಂದು ಸಚಿವರು ಹೇಳಿದರು. ಡಿಸೆಂಬರ್ 3ರಂದು ಕಡ್ಡಾಯವನ್ನೇ ಕೈಬಿಟ್ಟರು. ಜನ ಗೆದ್ದರು. ಇಂಥ ಆದೇಶ ಸಾರ್ವಜನಿಕ ಚರ್ಚೆಯಿಲ್ಲದೆ ಹೊರಡಬಹುದಾಗಿತ್ತು ಎಂಬ ಸಂಗತಿ ಮಾತ್ರ ಹಾಗೇ ಉಳಿದಿದೆ.

ಸರ್ಕಾರಕ್ಕೆ ಹೇಳಿದ್ದನ್ನೇ ಕಂಪನಿಗಳಿಗೂ ಹೇಳಬೇಕು. ಆಂಡ್ರಾಯ್ಡ್ ಫೋನಿನಲ್ಲಿ ಪ್ಲೇ ಸ್ಟೋರಿನ ಹೊರಗಿನಿಂದಲೂ ಆ್ಯಪ್ ಹಾಕಿಕೊಳ್ಳುವ ಸ್ವಾತಂತ್ರ್ಯ ಮೊದಲಿನಿಂದ ಇತ್ತು. 2025ರ ಆಗಸ್ಟ್‌ನಲ್ಲಿ ಗೂಗಲ್ ಹೊಸ ನಿಯಮ ಪ್ರಕಟಿಸಿತು: ತನ್ನ ಬಳಿ ಗುರುತು ನೋಂದಾಯಿಸಿದ ತಯಾರಕರ ಆ್ಯಪ್‌ಗಳಿಗೆ ಮಾತ್ರ ಅವಕಾಶ, 2026ರ ಸೆಪ್ಟೆಂಬರಿನಿಂದ ಬ್ರೆಜಿಲ್, ಇಂಡೊನೇಷ್ಯಾ, ಸಿಂಗಪುರ, ಥಾಯ್ಲೆಂಡ್‌ಗಳಲ್ಲಿ, ಆಮೇಲೆ ಉಳಿದ ದೇಶಗಳಲ್ಲಿ. ಸ್ವತಂತ್ರ ತಂತ್ರಾಂಶಗಳ ಭಂಡಾರವಾದ ಎಫ್-ಡ್ರಾಯ್ಡ್ ಇದು ತನ್ನ ಉಳಿವಿಗೇ ಕುತ್ತು ಎಂದಿತು. ಟೀಕೆ ಬಂದ ಮೇಲೆ, ತಿಳಿದವರು ಎಚ್ಚರಿಕೆ ಓದಿ ಮುಂದುವರಿಯಲು ಬೇರೆ ದಾರಿ ಇಡುತ್ತೇವೆ ಎಂದು ನವೆಂಬರಿನಲ್ಲಿ ಕಂಪನಿ ಹೇಳಿತು.

ಕಂಪನಿ ಮುಂದಿಡುವ ಕಾರಣ ಸುಳ್ಳಲ್ಲ. ಮದುವೆ ಆಮಂತ್ರಣ, ಟ್ರಾಫಿಕ್ ದಂಡದ ಚಲನ್, ಪಿಎಂ ಕಿಸಾನ್ ಹಣ ಎಂಬ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಎಪಿಕೆ ಫೈಲು ಬರುತ್ತದೆ. ಒತ್ತಿದರೆ ಎಸ್‌ಎಂಎಸ್ ಓದುವ ಕಳ್ಳ ಆ್ಯಪ್ ಒಳಗೆ ಸೇರುತ್ತದೆ, ಓಟಿಪಿ ಹೊರಗೆ ಹೋಗುತ್ತದೆ, ಮಗಳ ಮದುವೆಗೆ ಕೂಡಿಟ್ಟ ಹಣ ಕರಗುತ್ತದೆ. ಈ ನೋವನ್ನು ಕಡೆಗಣಿಸಿ ಸ್ವಾತಂತ್ರ್ಯದ ಮಾತಾಡುವವರನ್ನೂ ನಾವು ಒಪ್ಪುವುದಿಲ್ಲ. ಗೊತ್ತಿಲ್ಲದ ಮೂಲದ ಆ್ಯಪ್ ಸುಲಭವಾಗಿ ಒಳಬರದಂತೆ ಫೋನು ಮೊದಲಿಂದಲೇ ತಡೆದಿರಬೇಕು. ಪ್ರಶ್ನೆ ಇರುವುದು ಆ ತಡೆಯನ್ನು ತೆಗೆಯುವ ಕೊನೆಯ ಅಧಿಕಾರ ಯಾರದು ಎಂಬುದರಲ್ಲಿ. ಫೋನ್ ಯಾರದೋ ಅವರದೇ ಆಗಿರಬೇಕು, ಇದರಲ್ಲಿ ರಾಜಿ ಇಲ್ಲ. ಯಲಹಂಕದ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ತನ್ನ ಊರಿನ ಹಾಲಿನ ಡೇರಿಗೆ ಲೆಕ್ಕ ಬರೆಯುವ ಆ್ಯಪ್ ಮಾಡಿದರೆ, ಅದನ್ನು ಊರಿನವರ ಫೋನಿಗೆ ಹಾಕಲು ಅಮೆರಿಕದ ಕಂಪನಿಯೊಂದರ ಮುಂದೆ ಗುರುತಿನ ಚೀಟಿ ಹಿಡಿದು ನಿಲ್ಲುವಂತಾಗಬಾರದು.

ಎರಡೂ ಏಕಕಾಲಕ್ಕೆ ಸಾಧ್ಯ ಎಂಬುದಕ್ಕೆ ಕಂಪ್ಯೂಟರ್ ಚರಿತ್ರೆಯಲ್ಲೇ ಸಾಕ್ಷಿಯಿದೆ. 2012ರಲ್ಲಿ ವಿಂಡೋಸ್ 8 ಬಂದಾಗ ಸೆಕ್ಯೂರ್ ಬೂಟ್ ಎಂಬ ವ್ಯವಸ್ಥೆಯೂ ಬಂತು. ಯಂತ್ರ ಶುರುವಾಗುವಾಗಲೇ, ನಂಬಬಹುದಾದ ಸಹಿ ಇರುವ ತಂತ್ರಾಂಶವನ್ನು ಮಾತ್ರ ಅದು ಒಳಬಿಡುತ್ತದೆ. ಕೆಳಹಂತದಲ್ಲಿ ಅವಿತು ಕೂರುವ ವೈರಸ್ಸಿಗೆ ಒಳ್ಳೆಯ ತಡೆ. ಮೈಕ್ರೋಸಾಫ್ಟ್ ಆಗ ಎರಡು ನಿಯಮ ಮಾಡಿತು. ಸಾಮಾನ್ಯ ಪಿಸಿಗಳಲ್ಲಿ ಮಾಲೀಕರು ಈ ತಡೆಯನ್ನು ಆಫ್ ಮಾಡಲು, ತಮ್ಮದೇ ಕೀಲಿ ಸೇರಿಸಲು ಅವಕಾಶ ಇರಲೇಬೇಕು ಎಂದಿತು. ಆರ್ಮ್ ಚಿಪ್ಪಿನ ವಿಂಡೋಸ್ ಯಂತ್ರಗಳಲ್ಲಿ ಆಫ್ ಮಾಡುವ ಅವಕಾಶ ಇರಲೇಕೂಡದು ಎಂದಿತು. ತಂತ್ರಜ್ಞಾನ ಒಂದೇ, ಒಂದು ಕಡೆ ಅದು ಮಾಲೀಕರ ಕಾವಲು, ಇನ್ನೊಂದು ಕಡೆ ಮಾಲೀಕರ ಮೇಲೆಯೇ ಕಾವಲು. ಮೊದಲ ಬಗೆಯ ಪಿಸಿಗಳಲ್ಲಿ ಇಂದಿಗೂ ಲಿನಕ್ಸ್ ಹಾಕಿಕೊಂಡು ಶಾಲೆಗಳೂ ಕಚೇರಿಗಳೂ ನಡೆಯುತ್ತಿವೆ. ಎರಡನೆಯ ಬಗೆಯ ವಿಂಡೋಸ್ ಆರ್‌ಟಿ ಯಂತ್ರಗಳು ಕಂಪನಿ ಕೈಬಿಟ್ಟ ದಿನವೇ ಮೂಲೆ ಸೇರಿದವು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಬೆಂಬಲ ಮುಗಿದಾಗ ಈ ವ್ಯತ್ಯಾಸದ ಬೆಲೆ ಮತ್ತೆ ತಿಳಿಯಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೂ ಹೊಸ ಪ್ರೊಸೆಸರನ್ನೂ ಕೇಳುತ್ತದೆ. ಚೆನ್ನಾಗಿ ಓಡುತ್ತಿರುವ ಹಳೆಯ ಯಂತ್ರಗಳು ಅದಕ್ಕೆ ಲೆಕ್ಕಕ್ಕಿಲ್ಲ. ಸರ್ಕಾರಿ ಶಾಲೆ, ಪಂಚಾಯಿತಿ, ಸೈಬರ್ ಅಂಗಡಿಗಳು ಅವನ್ನು ಗುಜರಿಗೆ ಹಾಕಬೇಕಿಲ್ಲ. ಲಿನಕ್ಸ್ ಹಾಕಿ ಇನ್ನೂ ಐದಾರು ವರ್ಷ ದುಡಿಸಬಹುದು. ಬೀಗ ತೆಗೆಯುವ ಅವಕಾಶವನ್ನು 2012ರಲ್ಲಿ ಉಳಿಸಿಕೊಂಡದ್ದು ಇದಕ್ಕೆ ನೆರವಾಗಿದೆ.

ಕೊನೆಯ ಅಧಿಕಾರ ಬೇರೆಯವರ ಕೈಯಲ್ಲಿದ್ದರೆ ಏನಾಗುತ್ತದೆಂದು ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣ 2024ರ ಜುಲೈ 19ರಂದು ಕಂಡಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ದೋಷಪೂರಿತ ಅಪ್‌ಡೇಟ್ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ನೀಲಿ ಪರದೆಗೆ ತಂದು ನಿಲ್ಲಿಸಿತು. ಬೆಂಗಳೂರಿನಲ್ಲೂ ವಿಮಾನ ಕಂಪನಿಗಳ ಚೆಕ್-ಇನ್ ನಿಂತು, ಕೌಂಟರುಗಳಲ್ಲಿ ಕೈಯಿಂದಲೇ ಕೆಲಸ ಸಾಗಿಸಬೇಕಾಯಿತು. ದಾಳಿಕೋರರು ಯಾರೂ ಇರಲಿಲ್ಲ. ಕಾಯಲು ಇಟ್ಟ ತಂತ್ರಾಂಶವೇ ಕೆಡವಿತ್ತು. ಇದರಲ್ಲಿ ಗಮನಿಸಬೇಕಾದ ಅಂಶ ಒಂದಿದೆ: ತಂತ್ರಾಂಶದ ಆವೃತ್ತಿಯನ್ನು ತಡವಾಗಿ ಹಾಕಿಕೊಳ್ಳುವ ಆಯ್ಕೆ ಗ್ರಾಹಕ ಸಂಸ್ಥೆಗಳಿಗಿತ್ತು, ಈ ಬಗೆಯ ತುರ್ತು ಅಪ್‌ಡೇಟನ್ನು ತಡೆಯುವ ಆಯ್ಕೆ ಇರಲಿಲ್ಲ. ಆಮೇಲೆ ಕಂಪನಿ ಘೋಷಿಸಿದ ಪರಿಹಾರಗಳಲ್ಲಿ ಅದನ್ನು ಯಾವಾಗ ಪಡೆಯಬೇಕೆಂದು ಗ್ರಾಹಕರೇ ನಿರ್ಧರಿಸುವ ಅವಕಾಶವೂ ಒಂದು. ಅನಾಹುತದ ಮೇಲೆ ಕೊಟ್ಟದ್ದನ್ನು ಮೊದಲೇ ಕೊಡಬಹುದಿತ್ತು.

ಕೆಲವು ಬ್ಯಾಂಕ್ ಆ್ಯಪ್‌ಗಳ ಹಟವೂ ಇದೇ ಜಾತಿಯದು. ಫೋನಿನ ಮೂಲ ತಂತ್ರಾಂಶ ಬದಲಿಸಿದ್ದರೆ ಅವು ತೆರೆಯುವುದೇ ಇಲ್ಲ. ಇನ್ನು ಗುರುತು ತಪಾಸಣೆ. ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಎನ್ನುತ್ತದೆ ಕೆವೈಸಿ. ಆ್ಯಸಿಡ್ ದಾಳಿಯಲ್ಲಿ ಕಣ್ಣು ಕಳೆದುಕೊಂಡವರು, ಹುಟ್ಟಾ ಅಂಧರು ಹೇಗೆ ಮಿಟುಕಿಸಬೇಕು? ಅವರು ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. ಡಿಜಿಟಲ್ ಸೇವೆಗಳ ಲಭ್ಯತೆ ಬದುಕುವ ಹಕ್ಕಿನ ಭಾಗ, ಬೇರೆ ವಿಧಾನ ಕೊಡಲೇಬೇಕು ಎಂದು ನ್ಯಾಯಾಲಯ 2025ರ ಏಪ್ರಿಲ್ 30ರಂದು ತೀರ್ಪು ಕೊಟ್ಟಿತು. ಒಂದೇ ಬಗೆಯ ದೇಹ, ಒಂದೇ ಬಗೆಯ ಫೋನ್ ಇರುವವರನ್ನು ಮಾತ್ರ ಕಾಯುವ ಭದ್ರತೆಗೆ ಆ ತೀರ್ಪಿನ ನಂತರ ಉಳಿಗಾಲವಿರಬಾರದು.

ಯಂತ್ರ ನಿಂತರೆ ಜನ ನಿಲ್ಲಬಾರದು ಎಂಬುದೂ ಈ ಹಕ್ಕಿನ ಒಳಗೇ ಬರುತ್ತದೆ. 2025ರ ಆರಂಭದಲ್ಲಿ ಕಾವೇರಿ 2.0 ಮೇಲೆ ಸೈಬರ್ ದಾಳಿ ನಡೆದು ರಾಜ್ಯದಲ್ಲಿ ನೋಂದಣಿ ಕುಂಟಿತು. ಸಾಲ ಮಂಜೂರಾಗಿ ಮುಂಗಡ ಕೊಟ್ಟವರು, ದೂರದಿಂದ ರಜೆ ಹಾಕಿ ಬಂದವರು ಪತ್ರ ಹಿಡಿದು ಕಾದರು. ಸರ್ವರ್ ಡೌನ್ ಎಂಬ ಒಂದು ಮಾತು ನಮ್ಮ ಕಚೇರಿಗಳಲ್ಲಿ ಎಲ್ಲಕ್ಕೂ ಉತ್ತರವಾಗಿದೆ. ಕಾಗದದ ದಾರಿಯನ್ನು ಮುಚ್ಚಿಯೇ ಡಿಜಿಟಲ್ ದಾರಿ ತೆರೆಯಬೇಕು ಎಂಬ ನಿಯಮ ಎಲ್ಲೂ ಇಲ್ಲ.

ಆದ್ದರಿಂದ ಈ ಪತ್ರಿಕೆಯ ನಿಲುವು ಸ್ಪಷ್ಟ. ಖಾತೆದಾರರು ಬರೆದು ಕೇಳುವ ತನಕ ಯಾವ ಖಾತೆಯಲ್ಲೂ ಎಇಪಿಎಸ್ ಚಾಲೂ ಇರಕೂಡದು, ಈಗ ಇರುವುದನ್ನು ರಿಸರ್ವ್ ಬ್ಯಾಂಕ್ ಆದೇಶದಿಂದ ನಿಲ್ಲಿಸಬೇಕು, ಪಿಂಚಣಿ ಪಡೆಯುವವರನ್ನು ಮೊದಲು ಭೇಟಿಯಾಗಿ ಕೇಳಬೇಕು. ಬೆರಳಚ್ಚು ಹೊಂದಿದೆ, ಹಾಗಾಗಿ ನೀವೇ ತೆಗೆದಿರಬೇಕು ಎಂಬ ವಾದ ಹೂಡಿ ನಷ್ಟವನ್ನು ಜನರ ತಲೆಗೆ ಕಟ್ಟುವಂತಿಲ್ಲ. ಮೂರನೆಯವರ ಮೋಸದಿಂದಾದ ನಷ್ಟವನ್ನು ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳಲ್ಲಿ ತಿಳಿಸಿದರೆ ಗ್ರಾಹಕರ ಹೊಣೆ ಶೂನ್ಯ ಎಂದು ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯೇ ಹೇಳಿತ್ತು. ಎಸ್‌ಎಂಎಸ್ ಬಾರದ ಖಾತೆದಾರರಿಗೆ ಆ ಮೂರು ದಿನದ ಲೆಕ್ಕ ಅವರಿಗೆ ವಿಷಯ ತಿಳಿದ ದಿನದಿಂದ ಶುರುವಾಗಬೇಕು. ಯಾವ ಸರ್ಕಾರಿ ಆ್ಯಪ್ಪನ್ನೂ ತೆಗೆಯಲಾಗದಂತೆ ಫೋನಿಗೆ ಸೇರಿಸಕೂಡದು ಎಂಬುದು ಇಲಾಖೆಯ ಮರ್ಜಿಗೆ ಬಿಟ್ಟ ವಿಷಯವಾಗದೆ ಕಾನೂನಿನಲ್ಲೇ ಬರಬೇಕು. ಫೋನಿನ ತಡೆ ತೆಗೆಯುವ ಹಕ್ಕು ಮಾಲೀಕರದೆಂದು ಗೂಗಲ್‌ಗೂ ಉಳಿದವರಿಗೂ ಭಾರತ ಈಗಲೇ, ಆ ನಿಯಮ ನಮ್ಮ ಗಡಿ ಮುಟ್ಟುವ ಮೊದಲೇ, ತಿಳಿಸಬೇಕು.

ರಾಜ್ಯ ಸರ್ಕಾರದ ಕೆಲಸ ಇನ್ನೂ ಹತ್ತಿರದ್ದು. ಕಾವೇರಿಯಲ್ಲಿ ಬೆರಳಚ್ಚು ಬಯಲಾಗಿದ್ದ ಕಾಲದಲ್ಲಿ ಯಾರ್ಯಾರ ಪತ್ರಗಳು ಇಳಿಕೆಯಾದವು ಎಂಬ ಲೆಕ್ಕವನ್ನು ನೋಂದಣಿ ಇಲಾಖೆ ತೆಗೆದು ಬಹಿರಂಗಪಡಿಸಬೇಕು. ಲೆಕ್ಕ ಸಿಗದಿದ್ದರೆ ಎಲ್ಲವೂ ಇಳಿಕೆಯಾಗಿವೆ ಎಂದೇ ತಿಳಿದು ನಡೆಯಬೇಕು. ಆ ಪತ್ರಗಳಲ್ಲಿ ಪ್ರತಿಯೊಬ್ಬರ ಹೆಸರೂ ವಿಳಾಸವೂ ಇದೆ. ಮಾಕಳಿಯಾಗಲಿ ಮಾದಾವರವಾಗಲಿ, ಆ ವಿಳಾಸಕ್ಕೆ ಅಂಚೆಯಲ್ಲಿ ಕನ್ನಡದ ಒಂದು ಕಾಗದ ಬರಬೇಕು: ನಿಮ್ಮ ಹೆಬ್ಬೆಟ್ಟಿನ ಗುರುತು ಇಂಥ ದಿನದಿಂದ ಇಂಥ ದಿನದವರೆಗೆ ತೆರೆದಿತ್ತು, ನಿಮ್ಮ ಬ್ಯಾಂಕಿಗೆ ಹೋಗಿ ಹೀಗೆ ಮುಚ್ಚಿಸಿ, ಹೋಗಲಾಗದಿದ್ದರೆ ಪಂಚಾಯಿತಿಯಲ್ಲಿ ಇಂಥ ದಿನ ಇಂಥ ಸಿಬ್ಬಂದಿ ಕೂತು ಮುಚ್ಚಿಕೊಡುತ್ತಾರೆ, ಹಣ ಹೋಗಿದ್ದರೆ ಇಲ್ಲಿ ಬರೆದುಕೊಡಿ. ಖರ್ಚು ಇಲಾಖೆಯದು, ನೋಂದಣಿ ಶುಲ್ಕವನ್ನು ಜನ ಆಗಲೇ ಕಟ್ಟಿದ್ದಾರೆ.